ಇರಮ್‌ನ ಕಂಬಗಳೂ ನಮ್ಮ ಸುಳ್ಳು ಸಾಕ್ಷಿಗಳೂ

ಒಂದು ಛಾಯಾಚಿತ್ರದ ಕಥೆಯಿಂದಲೇ ಆರಂಭಿಸೋಣ. ಅಗೆದ ಗುಂಡಿಯೊಂದರಲ್ಲಿ ದೈತ್ಯಾಕಾರದ ಮಾನವ ಅಸ್ಥಿಪಂಜರ, ಅದರ ತಲೆಬುರುಡೆಯ ಬಳಿ ಗೊಂಬೆಯಷ್ಟು ಚಿಕ್ಕವನಾಗಿ ಕಾಣುವ ಕೆಲಸಗಾರ. ಅರೇಬಿಯಾದ ಮರುಭೂಮಿಯಲ್ಲಿ ಅನಿಲ ನಿಕ್ಷೇಪ ಹುಡುಕುತ್ತಿದ್ದವರಿಗೆ ಆದ್ ಜನಾಂಗದವನ ಅಸ್ಥಿ ಸಿಕ್ಕಿತು, ಸರಕಾರ ಅದನ್ನು ಮುಚ್ಚಿಟ್ಟಿದೆ, ಪವಿತ್ರ ಕುರ್‌ಆನಿನ ಸತ್ಯಕ್ಕೆ ಇದಕ್ಕಿಂತ ಪುರಾವೆ ಬೇಕೇ ಎಂಬ ಒಕ್ಕಣೆ ಅದರ ಜೊತೆಗಿರುತ್ತದೆ. ಇದು ನಮ್ಮಲ್ಲಿ ಯಾರ ಮೊಬೈಲಿಗೆ ಬಂದಿಲ್ಲ? ಎಷ್ಟು ಮನೆಗಳಲ್ಲಿ ಹಿರಿಯರು ಇದನ್ನು ಮಕ್ಕಳಿಗೆ ತೋರಿಸಿ ‘ಸುಬ್‌ಹಾನಲ್ಲಾಹ್’ ಎಂದಿಲ್ಲ?

ಆ ಚಿತ್ರ ಕೃತಕವಾದುದು. 2000ದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್ ಎಂಬಲ್ಲಿ ಆನೆಯ ಪ್ರಾಚೀನ ಬಂಧುವಾದ ಮ್ಯಾಸ್ಟೊಡಾನ್ ಪ್ರಾಣಿಯ ಮೂಳೆಗಳನ್ನು ಅಗೆದು ತೆಗೆದ ದೃಶ್ಯದ ಮೇಲೆ ಮಾನವ ಅಸ್ಥಿಪಂಜರವನ್ನು ಕಂಪ್ಯೂಟರಿನಲ್ಲಿ ಜೋಡಿಸಿ, 2002ರಲ್ಲಿ ಚಿತ್ರ ತಿದ್ದುವ ಸ್ಪರ್ಧೆಯೊಂದಕ್ಕೆ ಕಳಿಸಲಾಗಿತ್ತು. ಮಾಡಿದವನಿಗೆ ಯಾರನ್ನೂ ವಂಚಿಸುವ ಉದ್ದೇಶವಿರಲಿಲ್ಲ. 2007ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಸಂಸ್ಥೆ ಈ ಸಂಗತಿಯನ್ನು ವಿವರವಾಗಿ ಪ್ರಕಟಿಸಿತು. ಅದು ಪ್ರಕಟವಾಗಿ ಇಷ್ಟು ವರ್ಷಗಳಾದರೂ ಚಿತ್ರ ನಮ್ಮ ನಡುವೆ ಸುತ್ತುತ್ತಲೇ ಇದೆ. ವಿಚಿತ್ರವೆಂದರೆ ಇದೇ ಚಿತ್ರ ನಮ್ಮ ದೇಶದಲ್ಲಿ ಮಹಾಭಾರತ ಕಾಲದ ಮಹಾಕಾಯರ ಅಸ್ಥಿಯೆಂದೂ ಹಂಚಿಕೆಯಾಯಿತು! ಎರಡು ಸಮುದಾಯಗಳ ಭಕ್ತರು ಒಂದೇ ಸುಳ್ಳನ್ನು ತಮ್ಮ ತಮ್ಮ ಗ್ರಂಥಗಳ ಸೇವೆಗೆ ಹಚ್ಚಿಕೊಂಡರು. ಅವರನ್ನು ಕಂಡು ನಗುವ ಹಕ್ಕು ನಮಗಿಲ್ಲ.

ಇದೊಂದು ಕ್ಷುಲ್ಲಕ ವಿಷಯ, ಇಷ್ಟು ಬರೆಯುವ ಅಗತ್ಯವೇನೆಂದು ಕೇಳುವವರಿದ್ದಾರೆ. ನಮ್ಮ ಪರಿಚಯದ ಕುಟುಂಬವೊಂದರಲ್ಲಿ ನಡೆದುದನ್ನು ಅವರಿಗೆ ಹೇಳಬೇಕು. ತಂದೆ ಮಗನಿಗೆ ಈ ಚಿತ್ರವನ್ನು ಶ್ರದ್ಧೆಯಿಂದಲೇ ತೋರಿಸಿದ್ದರು. ಮಗ ಅದನ್ನು ಕಾಲೇಜಿನ ಗೆಳೆಯರ ಮುಂದೆ ಹೆಮ್ಮೆಯಿಂದ ಇಟ್ಟ. ಐದೇ ನಿಮಿಷಗಳಲ್ಲಿ ಗೆಳೆಯನೊಬ್ಬ ಅದರ ಮೂಲವನ್ನು ಹುಡುಕಿ ತೋರಿಸಿದ. ಹುಡುಗ ಮನೆಗೆ ಬಂದು ಕೇಳಿದ ಪ್ರಶ್ನೆ ಇಷ್ಟೇ: “ಅಬ್ಬಾ, ಚಿತ್ರ ಸುಳ್ಳಾದರೆ ಅದರ ಜೊತೆ ನೀವು ಓದಿದ ಸೂಕ್ತ?” ತಂದೆಯ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ಹುಡುಗನ ಮನಸ್ಸಿನಲ್ಲಿ ಬಿತ್ತಿದವರು ನಾಸ್ತಿಕರೂ ಅಲ್ಲ, ಇಸ್ಲಾಮಿನ ವಿರೋಧಿಗಳೂ ಅಲ್ಲ. ನಾವೇ ಬಿತ್ತಿದೆವು.

“ಜನರ ಈಮಾನ್ ಹೆಚ್ಚುವುದಾದರೆ ತಪ್ಪೇನು?” ಎಂಬ ಸಮರ್ಥನೆಯನ್ನು ನಾವು ಅನೇಕ ಬಾರಿ ಕೇಳಿದ್ದೇವೆ. ಈ ವಾದ ಹೊಸದಲ್ಲ. ಹಿಜರಿ ಎರಡನೇ ಶತಮಾನದಲ್ಲಿ ಮರ್ವ್ ನಗರದ ನೂಹ್ ಇಬ್ನ್ ಅಬೀ ಮರ್ಯಮ್ ಎಂಬಾತ ಕುರ್‌ಆನಿನ ಒಂದೊಂದು ಅಧ್ಯಾಯದ ಮಹಿಮೆಯನ್ನು ಸಾರುವ ಹದೀಸ್‌ಗಳನ್ನು ಸೃಷ್ಟಿಸಿದ. ಕಾರಣ ಕೇಳಿದಾಗ, ಜನರು ಕುರ್‌ಆನನ್ನು ಬಿಟ್ಟು ಫಿಕ್‌ಹ್ ಮತ್ತು ಯುದ್ಧಚರಿತ್ರೆಗಳಲ್ಲಿ ಮುಳುಗಿದ್ದನ್ನು ಕಂಡು ಪುಣ್ಯದ ಆಸೆಯಿಂದ ಹೀಗೆ ಮಾಡಿದೆನೆಂದು ಹೇಳಿದನೆಂದು ಹದೀಸ್ ಶಾಸ್ತ್ರದ ಗ್ರಂಥಗಳು ದಾಖಲಿಸಿವೆ. ಆತನ ಉದ್ದೇಶ ಒಳ್ಳೆಯದಿತ್ತೆಂದು ಮುಹದ್ದಿಸ್‌ಗಳು ಅವನನ್ನು ಬಿಟ್ಟುಬಿಟ್ಟರೇ? ಇಲ್ಲ, ಸುಳ್ಳುಗಾರರ ಪಟ್ಟಿಯಲ್ಲೇ ಇಟ್ಟರು. ದುರ್ನಡತೆಯವನು ತಂದ ಸುದ್ದಿಯನ್ನು ಪರಿಶೀಲಿಸಿರೆಂದು ಸೂರಃ ಅಲ್-ಹುಜುರಾತ್ ಆಜ್ಞಾಪಿಸುತ್ತದೆ. ಕೇಳಿದ್ದನ್ನೆಲ್ಲ ಇತರರಿಗೆ ಹೇಳುತ್ತ ಹೋಗುವುದೇ ಒಬ್ಬನು ಸುಳ್ಳುಗಾರನಾಗಲು ಸಾಕೆಂದು ಪ್ರವಾದಿವರ್ಯರು(ಸ) ಎಚ್ಚರಿಸಿರುವುದನ್ನು ಇಮಾಮ್ ಮುಸ್ಲಿಮರು ತಮ್ಮ ಸಹೀಹ್‌ನ ಪೀಠಿಕೆಯಲ್ಲೇ ಉದ್ಧರಿಸಿದ್ದಾರೆ. ಮೊಬೈಲಿನಲ್ಲಿ ಬೆರಳಾಡಿಸುವುದು ನಾಲಿಗೆಯಾಡಿಸುವುದಲ್ಲವೆಂದು ನಮ್ಮಲ್ಲಿ ಕೆಲವರು ಭಾವಿಸಿದಂತಿದೆ.

ಇನ್ನು ಇರಮ್‌ನ ವಿಷಯಕ್ಕೆ ಬರೋಣ. ಸೂರಃ ಅಲ್-ಫಜ್ರ್ ಆದ್ ಜನಾಂಗವನ್ನು, ಕಂಬಗಳುಳ್ಳ ಇರಮ್ ಅನ್ನು, ಅದಕ್ಕೆ ಸಮಾನವಾದುದು ನಾಡುಗಳಲ್ಲಿ ಸೃಷ್ಟಿಯಾಗಿರಲಿಲ್ಲವೆಂಬುದನ್ನು ಕೆಲವೇ ಪದಗಳಲ್ಲಿ ಹೇಳಿ ಮುಂದೆ ಸಾಗುತ್ತದೆ. ಬೇರೆ ವಿವರವಿಲ್ಲ. ಇರಮ್ ಎಂಬುದು ನಗರದ ಹೆಸರೇ, ಜನಾಂಗದ ಹೆಸರೇ ಎಂಬುದರಲ್ಲೇ ಮುಫಸ್ಸಿರ್‌ಗಳಲ್ಲಿ ಭಿನ್ನಾಭಿಪ್ರಾಯವಿದೆ. ಇಮಾಮ್ ತಬರಿಯವರು ದಾಖಲಿಸಿದ ಅಭಿಪ್ರಾಯಗಳಲ್ಲಿ ಡಮಾಸ್ಕಸ್ ಇದೆ, ಅಲೆಕ್ಸಾಂಡ್ರಿಯಾ ಇದೆ, ಆದ್‌ನ ಒಂದು ಕುಲವೆಂಬ ಮಾತೂ ಇದೆ. ಕಂಬಗಳೆಂದರೆ ಕೆಲವರಿಗೆ ಭವನಗಳ ಸ್ತಂಭಗಳು, ಕೆಲವರಿಗೆ ಅಲೆಮಾರಿಗಳ ಗುಡಾರದ ಕಂಬಗಳು, ಇನ್ನು ಕೆಲವರಿಗೆ ಆ ಜನರ ನೀಳವಾದ ಕಾಯ.

ಈ ಮಿತಭಾಷೆ ಕಥೆಗಾರರಿಗೆ ಸಾಲಲಿಲ್ಲ. ಆದ್‌ನ ಮಗ ಶದ್ದಾದ್ ಸ್ವರ್ಗಕ್ಕೆ ಸರಿಸಾಟಿಯಾಗಿ ಚಿನ್ನ-ಬೆಳ್ಳಿಯ ನಗರವನ್ನು ಮುನ್ನೂರು ವರ್ಷ ಕಟ್ಟಿಸಿದನೆಂದೂ, ತಪ್ಪಿಸಿಕೊಂಡ ಒಂಟೆಯನ್ನು ಹುಡುಕುತ್ತ ಹೋದವನೊಬ್ಬ ಮುಂದೆ ಅದನ್ನು ಕಂಡನೆಂದೂ ಕಥೆ ಬೆಳೆಯಿತು. ಇಬ್ನ್ ಕಸೀರ್ ತಮ್ಮ ತಫ್ಸೀರಿನಲ್ಲಿ ಇದನ್ನು ಬುಡವಿಲ್ಲದ ಕಟ್ಟುಕತೆಯೆಂದು ತಳ್ಳಿಹಾಕಿದರು. ಇಬ್ನ್ ಖಲ್ದೂನರು 1377ರಲ್ಲಿ ಬರೆದ ‘ಮುಕದ್ದಿಮಾ’ದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆ ನಗರವಿತ್ತೆಂದು ಹೇಳುವ ಅದನ್‌ನ ಮರುಭೂಮಿ ಯೆಮನಿನ ನಡುವೆಯೇ ಇದೆ, ಅಲ್ಲಿ ನಿರಂತರ ಜನವಸತಿಯಿದೆ, ದಾರಿ ಬಲ್ಲವರು ಅದರ ಮೂಲೆಮೂಲೆ ಸುತ್ತಿದ್ದಾರೆ, ಆದರೂ ಒಬ್ಬ ಪ್ರಯಾಣಿಕನೂ ಅದನ್ನು ಕಂಡಿಲ್ಲವೆಂದ ಮೇಲೆ ನಂಬುವುದು ಹೇಗೆ ಎಂದು ಪ್ರಶ್ನಿಸಿ, ಕಂಬಗಳೆಂದರೆ ಗುಡಾರದ ಕಂಬಗಳೆಂಬ ಅರ್ಥವನ್ನೇ ಅವರು ಸಮರ್ಥಿಸಿದರು. ಆ ಕಥೆಯನ್ನು ತಮ್ಮ ಗ್ರಂಥಗಳಲ್ಲಿ ಸೇರಿಸಿದ ದೊಡ್ಡ ಮುಫಸ್ಸಿರ್‌ಗಳ ಹೆಸರುಗಳನ್ನೂ ಅವರು ಮರೆಮಾಚಲಿಲ್ಲ. ಆರುನೂರೈವತ್ತು ವರ್ಷಗಳ ಹಿಂದಿನ ವಿದ್ವಾಂಸರಿಗಿದ್ದ ಈ ಧೈರ್ಯ ಇಂದು ನಮ್ಮ ವೇದಿಕೆಗಳಲ್ಲಿ ಮಾತನಾಡುವವರಿಗೆ ಏಕಿಲ್ಲ?

ನಮ್ಮ ಭಾಷಣಗಳಲ್ಲಿ ಇರಮ್‌ಗೆ ಎರಡನೇ ಜನ್ಮ ಸಿಕ್ಕಿದ್ದು 1992ರಲ್ಲಿ. ಒಮಾನ್‌ನ ಧೋಫಾರ್ ಪ್ರಾಂತದ ಶಿಸ್ರ್ ಎಂಬಲ್ಲಿ ಕಳೆದುಹೋದ ಉಬಾರ್ ನಗರ ಪತ್ತೆಯಾಯಿತೆಂದು ಆ ವರ್ಷ ಪತ್ರಿಕೆಗಳು ಬರೆದವು. 1984ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆಯಿಂದ ತೆಗೆದ ರಾಡಾರ್ ಚಿತ್ರಗಳು ಹುಡುಕಾಟಕ್ಕೆ ನೆರವಾಗಿದ್ದುದರಿಂದ ‘ನಾಸಾ ಇರಮ್ ಅನ್ನು ಕಂಡುಹಿಡಿಯಿತು’ ಎಂಬ ವಾಕ್ಯ ಹುಟ್ಟಿಕೊಂಡಿತು. ವಾಸ್ತವದಲ್ಲಿ ಆಕಾಶದಿಂದ ಕಂಡದ್ದು ನಗರವಲ್ಲ, ಪುರಾತನ ಒಂಟೆ ಸಾರ್ಥಗಳ ದಾರಿಗಳು. ನೆಲದಲ್ಲಿ ಸಿಕ್ಕಿದ್ದು ಒಂದು ನೀರಿನ ಸೆಲೆಯ ಸುತ್ತ ಕಟ್ಟಿದ್ದ ಸಣ್ಣ ಕೋಟೆ, ಅದರ ಬುರುಜುಗಳು ಮತ್ತು ಸುಣ್ಣಕಲ್ಲಿನ ಗುಹೆ ಕುಸಿದಾಗ ಒಳಗೆ ಬಿದ್ದ ಗೋಡೆಯ ಭಾಗ. ಧೂಪದ ವ್ಯಾಪಾರಿಗಳು ತಂಗುತ್ತಿದ್ದ ಮಹತ್ವದ ತಾಣವದು. 2000ದಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಧೂಪ ವ್ಯಾಪಾರದ ದಾರಿಯ ಭಾಗವಾಗಿಯೇ. ಅಗೆತದ ನೇತೃತ್ವ ವಹಿಸಿದ್ದ ಪುರಾತತ್ವಜ್ಞ ಜೂರಿಸ್ ಝರಿನ್ಸ್ ಮುಂದೆ, ಉಬಾರ್ ಎಂಬುದು ಒಂದು ನಗರವಲ್ಲ, ಒಂದು ಪ್ರದೇಶದ ಮತ್ತು ಅಲ್ಲಿನ ಜನರ ಹೆಸರು ಎಂದರು. ಉಬಾರ್ ಎಂಬ ಹೆಸರು ಕುರ್‌ಆನಿನಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ಬೇರೆ ಹೇಳಬೇಕೆ? ಉಬಾರ್‌ನಿಂದ ಇರಮ್‌ಗೆ ಹಾರಿದ್ದು ಉತ್ಸಾಹ, ಅದರ ಕೆಳಗೆ ಸೇತುವೆಯಿರಲಿಲ್ಲ.

ಇರಮ್ ಎಂಬ ಹೆಸರಿಗೆ ನಿಜವಾದ ಶಾಸನಾಧಾರ ಇಲ್ಲವೇ ಎಂದರೆ, ಇದೆ. ಜೋರ್ಡಾನಿನ ವಾದಿ ರಮ್‌ನಲ್ಲಿ ಅಲ್ಲಾತ್ ದೇವತೆಯ ಗುಡಿಯ ಅವಶೇಷಗಳು 1930ರ ದಶಕದಲ್ಲಿ ಅಧ್ಯಯನಕ್ಕೊಳಗಾದಾಗ, ಅಲ್ಲಿನ ನಬಾತೀ ಬರಹಗಳಲ್ಲಿ ಇರಮ್ ಎಂಬ ಸ್ಥಳನಾಮ ಓದಲು ಸಿಕ್ಕಿತು. ಬಾಹ್ಯಾಕಾಶದ ಕಥೆಗಿಂತ ಕಲ್ಲಿನ ಈ ಅಕ್ಷರಗಳು ಗಟ್ಟಿಯಾದ ಪುರಾವೆ. ಹಾಗೆಂದು ಚರ್ಚೆ ಮುಗಿಯಿತೇ? ಕುರ್‌ಆನ್ ಆದ್ ಜನಾಂಗದ ನಾಡನ್ನು ‘ಅಲ್-ಅಹ್‌ಕಾಫ್’ ಅಂದರೆ ಮರಳುದಿಬ್ಬಗಳೆಂದು ಕರೆಯುತ್ತದೆ, ಪರಂಪರೆ ಅದನ್ನು ದಕ್ಷಿಣದ ಹದ್ರಮೌತ್ ಕಡೆಗೆ ಗುರುತಿಸುತ್ತದೆ. ವಾದಿ ರಮ್ ಇರುವುದು ಉತ್ತರದ ತುದಿಯಲ್ಲಿ. ಈ ತೊಡಕನ್ನು ಬಿಡಿಸದೆ ‘ಸಾಬೀತಾಯಿತು’ ಎಂದು ಸಾರುವುದು ಅಪ್ರಾಮಾಣಿಕತೆ.

ಪ್ರವಾದಿ ಸಾಲಿಹ್(ಅ)ರ ಸಮೂದ್ ಜನಾಂಗದ ವಿಷಯದಲ್ಲಿ ನಾವು ಮಾಡುವ ತಪ್ಪು ಇನ್ನಷ್ಟು ಮುಜುಗರದ್ದು. ಏಕೆಂದರೆ ಇಲ್ಲಿ ನಾವು ಕುರ್‌ಆನಿಗೇ ವಿರುದ್ಧವಾಗಿ ಮಾತನಾಡುತ್ತೇವೆ. ಸೌದಿ ಅರೇಬಿಯಾದ ಅಲ್-ಹಿಜ್ರ್‌ನಲ್ಲಿ ಬಂಡೆಗಳನ್ನು ಕೊರೆದು ನಿರ್ಮಿಸಿದ ಭವ್ಯ ಮುಖಮಂಟಪಗಳಿವೆ. ಉಮ್ರಾ ಯಾತ್ರೆಗೆ ಹೋದವರಲ್ಲಿ ಕೆಲವರು ಅಲ್ಲಿಗೂ ಹೋಗಿ ಬಂದು ‘ಸಮೂದರ ಮನೆಗಳು’ ಎಂದು ಚಿತ್ರ ಕಳಿಸುತ್ತಾರೆ. 2008ರಲ್ಲಿ ಆ ದೇಶದ ಮೊದಲ ವಿಶ್ವಪರಂಪರೆಯ ತಾಣವಾದ ಅಲ್ಲಿ 111 ದೊಡ್ಡ ಗೋರಿಗಳಿವೆ, ಅವುಗಳಲ್ಲಿ 94 ಅಲಂಕೃತವಾದವು. ಹೌದು, ಗೋರಿಗಳು. ಅನೇಕ ದ್ವಾರಗಳ ಮೇಲೆ ನಬಾತೀ ಅರಮಾಯಿಕ್ ಲಿಪಿಯಲ್ಲಿ, ಯಾರು ಯಾರಿಗಾಗಿ ಯಾವ ರಾಜನ ಎಷ್ಟನೇ ವರ್ಷದಲ್ಲಿ ಕೊರೆಸಿದರೆಂಬುದು, ಗೋರಿಯನ್ನು ಮಾರಿದವನಿಗೆ ಶಾಪ-ದಂಡಗಳ ಸಹಿತ ಬರೆದಿದೆ. ಕಾಲ ಕ್ರಿ.ಪೂ. ಮತ್ತು ಕ್ರಿ.ಶ. 1ನೇ ಶತಮಾನಗಳು. ಆದರೆ ಸೂರಃ ಅಲ್-ಮುಅ್‌ಮಿನ್‌ನಲ್ಲಿ ಫಿರ್‌ಔನನ ಆಸ್ಥಾನದ ವಿಶ್ವಾಸಿ ತನ್ನ ಜನರನ್ನು ಎಚ್ಚರಿಸುವಾಗ ನೂಹ್, ಆದ್ ಮತ್ತು ಸಮೂದ್ ಜನಾಂಗಗಳ ಗತಿಯನ್ನು ಆಗಲೇ ಕಳೆದುಹೋದ ಇತಿಹಾಸವಾಗಿ ನೆನಪಿಸುತ್ತಾನೆ. ಅಂದರೆ ಪ್ರವಾದಿ ಸಾಲಿಹ್(ಅ)ರ ಜನರು ಪ್ರವಾದಿ ಮೂಸಾ(ಅ)ರಿಗಿಂತ ಹಿಂದಿನವರು. ಅವರಿಗಿಂತ ಎಷ್ಟೋ ಶತಮಾನಗಳ ನಂತರ ಕೊರೆದ ಗೋರಿಗಳನ್ನು ಅವರ ಮನೆಗಳೆಂದು ತೋರಿಸುವವರು ಯಾರ ಪರ ವಾದಿಸುತ್ತಿದ್ದಾರೆ?

ಇದರಿಂದ ಹಿಜ್ರ್‌ನಲ್ಲಿ ಸಮೂದರು ಇರಲಿಲ್ಲವೆಂದು ತೀರ್ಮಾನಿಸುವವರೂ ಅವಸರದವರೇ. ನಬಾತೀಯರಿಗಿಂತ ಹಿಂದಿನ ಸುಮಾರು 50 ಬರಹಗಳು ಅದೇ ತಾಣದಲ್ಲಿವೆ. ಸಮೂದ್ ಎಂಬ ಹೆಸರು ಕಲ್ಪಿತವಲ್ಲ. ಅಸ್ಸೀರಿಯಾದ ದೊರೆ ಎರಡನೇ ಸಾರ್ಗಾನ್ ಕ್ರಿ.ಪೂ. 715ರಲ್ಲಿ ತಾನು ಸೋಲಿಸಿದ ಮರುಭೂಮಿಯ ಅರಬರ ಪಟ್ಟಿಯಲ್ಲಿ ಅದನ್ನು ಬರೆಸಿದ್ದಾನೆ. ಕ್ರಿ.ಶ. 160ರ ದಶಕದ ರವ್ವಾಫಾ ಶಾಸನ ಗ್ರೀಕ್ ಮತ್ತು ನಬಾತೀ ಭಾಷೆಗಳೆರಡರಲ್ಲೂ ಅದನ್ನು ಹೆಸರಿಸುತ್ತದೆ. ಒಂದು ಜನಾಂಗದ ಹೆಸರು ಅದರ ನಾಶದ ನಂತರವೂ ಉಳಿದವರಲ್ಲಿ ಬಾಳುವುದು ಅಸಂಭವವಲ್ಲ.

ಹಿಜ್ರಿ 9ರಲ್ಲಿ ತಬೂಕ್ ಯಾತ್ರೆಯ ದಾರಿಯಲ್ಲಿ ಪ್ರವಾದಿವರ್ಯರು(ಸ) ಈ ಕಣಿವೆಯನ್ನೇ ಹಾದುಹೋದರು. ಯಾವ ಬಂಡೆ ಯಾರದೆಂದು ಸಹಾಬಿಗಳಿಗೆ ವಿವರಿಸುತ್ತ ನಿಲ್ಲಲಿಲ್ಲ. ತಮ್ಮ ಮೇಲೆ ತಾವೇ ಅನ್ಯಾಯವೆಸಗಿಕೊಂಡವರ ನೆಲೆಗಳನ್ನು ಅಳುತ್ತಲ್ಲದೆ ಪ್ರವೇಶಿಸಬೇಡಿರೆಂದರು, ಮುಖ ಮುಚ್ಚಿಕೊಂಡು ವೇಗವಾಗಿ ದಾಟಿದರು. ಅಲ್ಲಿನ ಬಾವಿಗಳ ನೀರನ್ನು ಚೆಲ್ಲಿಸಿ, ಆ ನೀರಿನಲ್ಲಿ ಕಲಸಿದ ಹಿಟ್ಟನ್ನು ಒಂಟೆಗಳಿಗೆ ಹಾಕಿಸಿ, ಪ್ರವಾದಿ ಸಾಲಿಹ್(ಅ)ರ ಒಂಟೆ ನೀರು ಕುಡಿಯುತ್ತಿದ್ದ ಬಾವಿಯಿಂದ ಮಾತ್ರ ಸೇದಲು ಹೇಳಿದರು. ಬೇಸಿಗೆಯ ಉರಿಯಲ್ಲಿ, ನೀರಿಗೆ ಬರವಿದ್ದ ಸೈನ್ಯವದು ಎಂಬುದನ್ನು ನೆನೆದರೆ ಆ ಹಿಟ್ಟಿನ ಬೆಲೆ ತಿಳಿಯುತ್ತದೆ. ನಾವಾದರೋ ಅದೇ ಕಣಿವೆಯಲ್ಲಿ ನಗುತ್ತ ಸೆಲ್ಫಿ ತೆಗೆದು, ಕೆಳಗೆ ಸೂಕ್ತದ ಸಂಖ್ಯೆ ಬರೆಯುತ್ತೇವೆ.

ಸಂಶೋಧನೆಯ ಬಗ್ಗೆ ನಮಗೆ ವಿರೋಧವೆಂದು ಯಾರೂ ಭಾವಿಸಬಾರದು. ಪ್ರಾಮಾಣಿಕ ಸಂಶೋಧನೆ ಏನನ್ನು ಕೊಡಬಲ್ಲದು ಎಂಬುದಕ್ಕೆ ಸಬಾ ನಾಡನ್ನು ನೋಡಬೇಕು. ನಮ್ಮ ಸಂದೇಶಗಳಲ್ಲಿ ಅತಿ ಕಡಿಮೆ ಕಾಣಿಸುವ ಉದಾಹರಣೆ ಇದು. ಚಿನ್ನವಿಲ್ಲ, ದೈತ್ಯರಿಲ್ಲ, ಹಾಗಾಗಿ ರುಚಿಸುವುದಿಲ್ಲವೇನೋ.

ಸೂರಃ ಸಬಾ ಆ ಜನರಿಗೆ ಬಲಕ್ಕೊಂದು ಎಡಕ್ಕೊಂದು ತೋಟಗಳಿದ್ದವೆಂದೂ, ಅವರು ವಿಮುಖರಾದಾಗ ‘ಅರಿಮ್’ನ ಪ್ರವಾಹ ಬಂದಿತೆಂದೂ, ಆ ಎರಡು ತೋಟಗಳ ಬದಲಿಗೆ ಕಹಿ ಹಣ್ಣಿನ ಗಿಡಗಳೂ ಪಿಚುಲ ವೃಕ್ಷಗಳೂ ಒಂದಿಷ್ಟು ಬೋರೆ ಗಿಡಗಳೂ ಉಳಿದವೆಂದೂ ಹೇಳುತ್ತದೆ. ‘ಅರಿಮ್’ ಎಂದರೇನು ಎಂಬಲ್ಲಿ ಪ್ರಾಚೀನ ವ್ಯಾಖ್ಯಾನಕಾರರು ಒಮ್ಮತಕ್ಕೆ ಬಂದಿರಲಿಲ್ಲ. ಒಡ್ಡು, ಕಣಿವೆಯ ಹೆಸರು, ಬಿರುಮಳೆ, ಒಡ್ಡನ್ನು ಕೊರೆದ ಇಲಿಯ ಹೆಸರು ಎಂದೆಲ್ಲ ಅಭಿಪ್ರಾಯಗಳಿದ್ದವು. ಯೆಮನಿನವರೇ ಆದ ಹತ್ತನೇ ಶತಮಾನದ ಅಲ್-ಹಮ್‌ದಾನಿ ತಮ್ಮ ‘ಇಕ್ಲೀಲ್’ ಗ್ರಂಥದಲ್ಲಿ ತಮ್ಮ ನಾಡಿನ ಪ್ರಾಚೀನ ಕಟ್ಟಡಗಳನ್ನು ವರ್ಣಿಸಿದ್ದರು. ಆದರೆ ಮಅ್‌ರಿಬ್‌ನ ಶಾಸನಗಳು ಆಧುನಿಕ ವಿದ್ವತ್ತಿಗೆ ಪೂರ್ಣವಾಗಿ ದೊರೆತದ್ದು 1888ರಲ್ಲಿ ಎಡ್ವರ್ಡ್ ಗ್ಲಾಸರ್ ಅಲ್ಲಿಗೆ ಹೋಗಿ ಪ್ರತಿ ಮಾಡಿಕೊಂಡ ನಂತರ. ಅವುಗಳಲ್ಲಿ ಅಬ್ರಹನು ಕ್ರಿ.ಶ. 548ರಲ್ಲಿ ಒಡೆದ ಕಟ್ಟೆಯನ್ನು ದುರಸ್ತಿ ಮಾಡಿಸಿ ನೆಡಿಸಿದ ದೀರ್ಘ ಶಾಸನವೊಂದಿದೆ. ನಮ್ಮ ಪರಂಪರೆ ‘ಆನೆಯವರ’ ನಾಯಕನೆಂದು ಹೆಸರಿಸುವ ಅಬ್ರಹನೇ ಅವನು. ಶಾಸನ ಆರಂಭವಾಗುವುದು ‘ರಹ್‌ಮಾನಾನ್’ ಎಂಬ ದೇವನಾಮ ಮತ್ತು ಅವನ ಮಸೀಹನ ಸ್ಮರಣೆಯಿಂದ. ಅದರಲ್ಲಿ ಅಣೆಕಟ್ಟೆಗೆ ಬಳಸಿದ ಸಬಾಯಿ ಭಾಷೆಯ ಪದ ‘ಅರ್‌ಮ್’. ಅಂದರೆ ವ್ಯಾಖ್ಯಾನಕಾರರ ಊಹೆಗಳಲ್ಲಿ ಮೊದಲನೆಯದೇ ನಿಜವಾಯಿತು. ದಕ್ಷಿಣ ಅರೇಬಿಯಾದವರು ತಮ್ಮ ಕಟ್ಟೆಯನ್ನು ಕರೆಯುತ್ತಿದ್ದ ಪದವೇ ಸೂಕ್ತದಲ್ಲಿದೆ.

ಎರಡು ತೋಟಗಳೂ ಅಷ್ಟೇ. ಸುಮಾರು 600 ಮೀಟರ್ ಉದ್ದದ ಮಣ್ಣಿನ ಏರಿಯ ಎರಡೂ ತುದಿಗಳಲ್ಲಿ ಕಲ್ಲಿನ ತೂಬುಗಳಿದ್ದವು. ಅವು ಇಂದಿಗೂ ನಿಂತಿವೆ. ಉತ್ತರದ ತೂಬಿನ ನೀರು ಕಣಿವೆಯ ಒಂದು ದಡಕ್ಕೆ, ದಕ್ಷಿಣದ್ದು ಇನ್ನೊಂದು ದಡಕ್ಕೆ. ಶಾಸನಗಳು ಆ ಎರಡು ಕೃಷಿಭೂಮಿಗಳನ್ನು ಅಬ್ಯನ್ ಮತ್ತು ಯಸ್ರಾನ್ ಎಂಬ ಪ್ರತ್ಯೇಕ ಹೆಸರುಗಳಿಂದ ಕರೆಯುತ್ತವೆ. ಮಕ್ಕಾದಲ್ಲಿ ಅವತೀರ್ಣವಾದ ಸೂಕ್ತ ‘ತೋಟಗಳು’ ಎನ್ನದೆ ‘ಎರಡು ತೋಟಗಳು’ ಎಂದುದು ಭೂಮಿಯ ಮೇಲೆ ಅಕ್ಷರಶಃ ಹಾಗೆಯೇ ಇತ್ತು. 2023ರಲ್ಲಿ ಈ ಅವಶೇಷಗಳು ವಿಶ್ವಪರಂಪರೆಯ ಪಟ್ಟಿ ಸೇರಿದವು. ಅದಕ್ಕೂ ಮುನ್ನ, 2015ರ ಯುದ್ಧದಲ್ಲಿ ಆ ಕಟ್ಟೆಯ ಮೇಲೆ ಬಾಂಬು ಬಿದ್ದಾಗ ಹಿಂದೆ ಹೇಳಿದ ಅಸ್ಥಿಪಂಜರದ ಚಿತ್ರಕ್ಕೆ ಸಿಕ್ಕಿದ ಪ್ರಚಾರದ ಅಲ್ಪಭಾಗವೂ ಆ ಸುದ್ದಿಗೆ ನಮ್ಮ ಗುಂಪುಗಳಲ್ಲಿ ಸಿಗಲಿಲ್ಲ.

ಇಲ್ಲಿಯೂ ನಾವು ಎಲ್ಲೆ ಮೀರಬಾರದು. ಕಟ್ಟೆ ಒಡೆದದ್ದು ಒಂದೇ ಬಾರಿಯಲ್ಲ. ಕ್ರಿ.ಶ. 5ನೇ ಶತಮಾನದ ಮಧ್ಯದ ಒಡೆತವನ್ನೂ 540ರ ದಶಕದ ಒಡೆತವನ್ನೂ ಶಾಸನಗಳೇ ಹೇಳುತ್ತವೆ. ಸೂಕ್ತದ ಪ್ರವಾಹ ಇವುಗಳಲ್ಲಿ ಯಾವುದು? ಕುರ್‌ಆನ್ ವರ್ಷವನ್ನು ಹೇಳಿಲ್ಲ. ಇಲಿಯ ಕಥೆಯನ್ನಂತೂ ಶಾಸನವೂ ಹೇಳಿಲ್ಲ, ಕುರ್‌ಆನೂ ಹೇಳಿಲ್ಲ.

ಇನ್ನೊಂದು ಕಡೆಯವರಿಗೂ ಒಂದು ಮಾತು. ಇರಮ್ ಸಿಕ್ಕಿಲ್ಲ, ಆದ್ದರಿಂದ ಇರಮ್ ಇರಲೇ ಇಲ್ಲ ಎನ್ನುವವರು ಗ್ಲಾಸರ್‌ಗಿಂತ ಮುಂಚೆ ಹುಟ್ಟಿದ್ದರೆ ‘ಅರಿಮ್’ ಕುರಿತೂ ಇಷ್ಟೇ ಧೈರ್ಯವಾಗಿ ತೀರ್ಪು ಕೊಡುತ್ತಿದ್ದರು. ಮರಳಿನಡಿ ಅಗೆಯದೆ ಉಳಿದಿರುವುದೇ ಅಧಿಕ. ಅಗೆದು ಬರೆದದ್ದೆಲ್ಲ ನಿಲ್ಲುವುದೂ ಇಲ್ಲ. ಜೋರ್ಡಾನಿನ ತಲ್ ಅಲ್-ಹಮ್ಮಾಮ್ ಎಂಬ ಪ್ರಾಚೀನ ಪಟ್ಟಣ ಆಕಾಶದಲ್ಲಿ ಸಿಡಿದ ಉಲ್ಕೆಯಿಂದ ನಾಶವಾಯಿತೆಂಬ ವೈಜ್ಞಾನಿಕ ಲೇಖನ 2021ರಲ್ಲಿ ಪ್ರಕಟವಾದಾಗ, ಪ್ರವಾದಿ ಲೂತ್(ಅ)ರ ಜನರ ಊರು ಸಿಕ್ಕಿತೆಂದು ಕ್ರೈಸ್ತರೂ ನಮ್ಮವರೂ ಸಂಭ್ರಮಿಸಿದರು. 2025ರಲ್ಲಿ ಆ ಲೇಖನವನ್ನು ಪತ್ರಿಕೆಯೇ ಹಿಂತೆಗೆದುಕೊಂಡಿತು. ಸಂಭ್ರಮಿಸಿದವರಲ್ಲಿ ಎಷ್ಟು ಮಂದಿ ಆ ಸುದ್ದಿಯನ್ನು ಹಂಚಿದರು? ಅನುಕೂಲವಾದಾಗ ಪುರಾತತ್ವವನ್ನು ನ್ಯಾಯಾಧೀಶನ ಪೀಠದಲ್ಲಿ ಕೂರಿಸಿ, ಪ್ರತಿಕೂಲವಾದಾಗ ‘ಪಾಶ್ಚಾತ್ಯರ ಪಿತೂರಿ’ ಎಂದು ಕೆಳಗಿಳಿಸುವ ಆಟವನ್ನು ನಮ್ಮ ಮಕ್ಕಳು ನೋಡುತ್ತಿದ್ದಾರೆ.

ಗುಹಾವಾಸಿಗಳು ಮೂವರೋ ಐವರೋ ಏಳು ಮಂದಿಯೋ ಎಂಬ ಜಗಳವನ್ನು ಪ್ರಸ್ತಾಪಿಸಿದ ಸೂರಃ ಅಲ್-ಕಹ್‌ಫ್, ಅದನ್ನು ಕತ್ತಲಲ್ಲಿ ಕಲ್ಲೆಸೆಯುವ ಊಹೆಯೆಂದು ಕರೆದು, ಸಂಖ್ಯೆಯನ್ನು ಪ್ರಭುವಿನ ಜ್ಞಾನಕ್ಕೆ ಬಿಟ್ಟು, ಆ ಬಗ್ಗೆ ವಾದಕ್ಕಿಳಿಯಬೇಡಿರೆಂದಿದೆ. ಊರುಗಳ ವಿಳಾಸ ಹುಡುಕುವವರು ಈ ಸೂಕ್ತವನ್ನು ಒಮ್ಮೆ ಓದಬೇಕು. ಹುಡುಕಲೇಬೇಕೆನ್ನುವವರಿಗೆ ನಮ್ಮ ದೇಶದಲ್ಲೇ ಮಾದರಿಯಿದೆ. ಒಂದು ಶತಮಾನಕ್ಕೂ ಹಿಂದೆ ಅಲ್ಲಾಮಾ ಸಯ್ಯಿದ್ ಸುಲೈಮಾನ್ ನದ್ವಿಯವರು ಉರ್ದುವಿನಲ್ಲಿ ಬರೆದ ‘ಅರ್ದುಲ್ ಕುರ್‌ಆನ್’ ಎರಡು ಸಂಪುಟಗಳು ಶಾಸನಗಳನ್ನೂ ಗ್ರೀಕ್ ಲೇಖಕರನ್ನೂ ಅರಬ್ ಪರಂಪರೆಯನ್ನೂ ಎದುರುಬದುರು ಇಟ್ಟು ತೂಗಿದವು. ಅವರ ನಿರ್ಣಯಗಳಲ್ಲಿ ಕೆಲವನ್ನು ಇಂದು ತಿದ್ದಬೇಕಾಗಬಹುದು. ತೂಗುವ ಆ ಕ್ರಮವನ್ನು ಮಾತ್ರ ನಾವು ಕೈಬಿಟ್ಟೆವು.

ಆ ಹುಡುಗನ ಜೊತೆ ನಾವು ಒಂದು ಸಂಜೆ ಕುಳಿತೆವು. ಹಿಜ್ರ್‌ನ ಗೋರಿ ಬರಹಗಳ ಬಗ್ಗೆ ಹೇಳಿದೆವು, ಮಅ್‌ರಿಬ್‌ನ ತೂಬುಗಳ ಚಿತ್ರ ತೋರಿಸಿದೆವು. “ಹಾಗಾದರೆ ಇರಮ್ ಎಲ್ಲಿದೆ?” ಎಂದು ಕೇಳಿದ. ನಮಗೆ ತಿಳಿಯದೆಂದೆವು. ತಬರಿಯವರೂ ಒಂದಕ್ಕಿಂತ ಹೆಚ್ಚು ಅಭಿಪ್ರಾಯಗಳನ್ನು ಬರೆದಿಟ್ಟು ಹೋಗಿದ್ದಾರೆಂದೆವು. ಅವನ ಮುಖದಲ್ಲಿ ನಿರಾಶೆಯನ್ನು ನಿರೀಕ್ಷಿಸಿದ್ದೆವು, ಅದು ಕಾಣಲಿಲ್ಲ. ತಂದೆ ಆ ಚಿತ್ರವನ್ನು ಕುಟುಂಬದ ಗುಂಪಿನಿಂದ ಅಳಿಸಿಹಾಕಿದರು. ಮುಂದಿನ ಶುಕ್ರವಾರ ಮತ್ತೊಬ್ಬ ಬಂಧು ಅದನ್ನೇ ಪುನಃ ಹಾಕಿದರು. ಅದರ ಕೆಳಗೆ ಮೊದಲ ಉತ್ತರ ಬರೆದವನು ಆ ಹುಡುಗನೇ.